ಊಟದ ಮೇಜಿನ ಮೇಲಿನ ಮ್ಯೂಸಿಯಂ

"ಇಲ್ಲೇ ನಿಲ್ಲಿಸಪ್ಪಾ," ಎಂದು ಸತ್ತವನ ಹೆಂಡತಿ ಶವದ ವ್ಯಾನಿನ ಚಾಲಕನ ಸೀಟು ತಟ್ಟಿದಳು.

ಅವನು ಗಾಬರಿಯಲ್ಲಿ ಬ್ರೇಕ್ ಒತ್ತಿದ. ಪಕ್ಕದಲ್ಲೇ ನಗರದ ಮ್ಯೂಸಿಯಂ. ವ್ಯಾನಿನಲ್ಲಿ ಮಲಗಿದ್ದವನು ಕಳೆದ ವಾರದವರೆಗೂ ಅದರ ಮೂರನೇ ಕೋಣೆಯ ಕಾವಲುಗಾರ.

"ಏನಮ್ಮಾ ಇದು? ಸ್ಮಶಾನದಲ್ಲಿ ಎಲ್ರೂ ಕಾಯ್ತಿದ್ದಾರೆ," ಎಂದಳು ಮಗಳು.

"ಕಾಯ್ಲಿ. ನಿಮ್ಮಪ್ಪ ಮೂವತ್ತೊಂದು ವರ್ಷದಲ್ಲಿ ಒಂದಿನಾನೂ ನನ್ನ ಒಳಗೆ ಕರ್ಕೊಂಡು ಹೋಗ್ಲಿಲ್ಲ. ಇವತ್ತು ನಾನು ಹೋಗ್ತೀನಿ, ಅವರು ಹೊರಗಿರ್ಲಿ."

ಟಿಕೆಟ್ ಕೊಡುವವನು ವ್ಯಾನ್ ಕಂಡು ಓಡಿಬಂದ. "ಬನ್ನಿ ಅಕ್ಕಾ," ಎಂದ. ಟಿಕೆಟ್ ಕೇಳದೆ ತಾಯಿ ಮಗಳನ್ನು ತಾನೇ ಒಳಗೆ ಕರೆದೊಯ್ದ.

* * *

ಅವಳೇನು ಕೇಳದೆ ಇದ್ದವಳಲ್ಲ. ಕೇಳಿದಾಗಲೆಲ್ಲ ಗಂಡನದು ಒಂದೇ ಉತ್ತರ: "ನೀನೇ ನೋಡ್ಬಿಟ್ರೆ ಸಂಜೆ ನಾನೇನು ಹೇಳ್ಲಿ?"

ಹಗಲೆಲ್ಲ ತುಟಿ ಹೊಲಿದುಕೊಂಡು ಕೂರುವ ಕೆಲಸ. ಮನೆಗೆ ಬಂದರೆ ಬಾಯಿಗೆ ಬಿಡುವಿಲ್ಲ. ಊಟ ಮುಗಿದ ಮೇಲೆ ಮೇಜೇ ಮೂರನೇ ಕೋಣೆ. ತಾನು ಕೂತ ಜಾಗ ತಟ್ಟಿ, "ಇದು ಬಾಗಿಲು, ಪಕ್ಕದಲ್ಲಿ ನಾನು," ಎಂದು ಶುರುಮಾಡುವನು. ಉಪ್ಪಿನ ಡಬ್ಬಿ ದೊಡ್ಡ ಹೂಜಿ, ಚಮಚಗಳು ಕತ್ತಿಗಳು. ಹೆಂಡತಿಯ ಮುಂದೆ ಬೋರಲು ಹಾಕಿದ ಲೋಟ, ಮೂಗು ಮುರಿದ ರಾಣಿಯ ತಲೆ. ಇವತ್ತು ರಾಣಿಯ ಎದುರು ಯಾವ ಗಂಡಹೆಂಡಿರು ಜಗಳವಾಡಿದರು, ಯಾರು ಹೂಜಿಯ ಗಾಜಿಗೆ ಹಣೆ ಬಡಿಸಿಕೊಂಡರು, ಎಲ್ಲದರ ವರದಿ. ಪಾತ್ರೆ ತೊಳೆಯೋದಿದೆ ಎಂದು ಗೊಣಗುತ್ತಲೇ ಅವಳು ಎದುರು ಕೂತು ಕೊನೆಯವರೆಗೂ ಕೇಳುತ್ತಿದ್ದಳು.

* * *

ಮೂರನೇ ಕೋಣೆಯ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಬಲಕ್ಕಿರಬೇಕಾದ ಹೂಜಿ ಎಡಕ್ಕಿತ್ತು. ಎಡಕ್ಕಿರಬೇಕಾದ ಕತ್ತಿಗಳು ಬಲಗೋಡೆಯಲ್ಲಿ.

"ಎಲ್ಲಾ ಅದಲುಬದಲು ಮಾಡಿದೀರಾ?"

"ಇಲ್ಲ ಅಕ್ಕಾ. ನಾನು ಕೆಲಸಕ್ಕೆ ಸೇರಿದಾಗಿಂದ ಒಂದೂ ಕದಲಿಲ್ಲ."

"ಅಪ್ಪ ರೀಲು ಬಿಟ್ಟಿರ್ತಾರೆ, ಬಿಡಮ್ಮಾ," ಎಂದಳು ಮಗಳು, ಗಡಿಯಾರ ನೋಡುತ್ತ.

ತಾಯಿ ಮತ್ತೊಮ್ಮೆ ಎಡಬಲ ನೋಡಿದಳು. ಒಡವೆ ಇಲ್ಲ, ಊರು ಸುತ್ತಿಸಿದ್ದಿಲ್ಲ; ಗಂಡ ಅವಳಿಗೆಂದು ತಂದುಕೊಟ್ಟಿದ್ದು ಆ ಸಂಜೆಯ ಮಾತುಗಳನ್ನಷ್ಟೇ. ಅವೂ ಸುಳ್ಳಾಗಿದ್ದವೇ?

ರಾಣಿಯನ್ನಾದರೂ ನೋಡೋಣವೆಂದು ಕೋಣೆಯ ಆ ತುದಿಗೆ ನಡೆದಳು. ಮೂಗು ನಿಜಕ್ಕೂ ಮುರಿದಿತ್ತು. ಇನ್ನು ಹೊರಡೋಣವೆಂದು ಬಾಗಿಲ ಕಡೆ ತಿರುಗಿದಳು.

ಹೂಜಿ ಬಲಕ್ಕಿತ್ತು. ಕತ್ತಿಗಳು ಎಡಕ್ಕಿದ್ದವು. ಉಪ್ಪಿನ ಡಬ್ಬಿ, ಚಮಚ, ಎಲ್ಲ ಅದರದರ ಜಾಗದಲ್ಲಿ. ಅವನು ತನ್ನ ಕುರ್ಚಿಯಿಂದ ಕಂಡ ಹಾಗೆ ಮೇಜಿನ ಮೇಲೆ ಜೋಡಿಸುತ್ತಿದ್ದ. ಅವಳು ಎದುರು ಕೂತು ಕಲಿತಿದ್ದಳು.

"ಸರಿಯಾಗೇ ಹೇಳಿದಾರೆ ಕಣೇ," ಎಂದಳು. ಅಷ್ಟು ಹೊತ್ತು ತಡೆದಿದ್ದ ಅಳು ಈಗ ಬಂತು.

ಅವಳ ಎದುರಿಗೆ, ಬಾಗಿಲ ಪಕ್ಕದಲ್ಲಿ, ಅವಳೇ ಹೊಲಿದುಕೊಟ್ಟ ದಿಂಬು ಹಾಕಿದ ಕುರ್ಚಿ ಖಾಲಿಯಿತ್ತು.