ಒಂದು ಮೊಳೆಯ ಹಲಗೆ

ಹುರಿದ ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ ಒರಳಿಗೆ ಸುರಿದು ಎರಡು ಪೆಟ್ಟು ಹಾಕಿದ್ದೆನಷ್ಟೆ. ಮೂರನೆಯದಕ್ಕೆ ಎತ್ತಿದ ಒನಕೆ ಮೇಲೆಯೇ ನಿಂತಿತು. ಮಗಳು ಪಿಳ್ಳಿ ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು.

"ಬ್ಯಾಡಮ್ಮ."

"ಬಿಡೇ, ಕಣ್ಣಿಗೆ ಕಾರ ಎಗರ್ತದೆ."

"ಕುಟ್‌ಬ್ಯಾಡ. ಆಂಡರ್ಸನ್‌ಪೇಟೆ ಮಿಷನ್‌ಗೆ ಕೊಟ್ಟು ಪುಡಿ ಮಾಡಿಸ್ಕಂಡು ಬರಾನ."

"ಪಾವು ಮೆಣಸಿನಕಾಯಿಗೆ ಮಿಷನ್ನಾ? ಯಾಕೆ, ಏನಾಗಿದೆ ನಿಂಗೆ?"

ಪಿಳ್ಳಿ ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿಕೊಂಡಳು. "ಏನಿಲ್ಲ" ಎಂದಳು. ಒನಕೆ ಮಾತ್ರ ಬಿಡಲಿಲ್ಲ.

ಏಳು ವರ್ಷದ ಹುಡುಗಿ. ನಮ್ಮತ್ತೆ ಪಿಳ್ಳಮ್ಮನವರ ಹೆಸರನ್ನೇ ಇಟ್ಟಿದ್ದೇವೆ, ಹಟವೂ ಅವರದೇ. ಬೇರೆ ದಿನವಾಗಿದ್ದರೆ ಗದರಿಸಿ ಬಿಡಿಸಿಕೊಳ್ಳುತ್ತಿದ್ದೆ. ಅವತ್ತು ನನಗೇ ಯಾವ ಕೆಲಸದಲ್ಲೂ ಕೈ ನಿಲ್ಲುತ್ತಿರಲಿಲ್ಲ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದ್ದೆ. ತೊಟ್ಟಿಲಲ್ಲಿದ್ದ ಮಗು ಆದಿನಾರಾಯಣ ಅಳದಿದ್ದರೂ ಹೋಗಿ ಹೋಗಿ ತೂಗಿ ಬರುತ್ತಿದ್ದೆ. ಹದಿಮೂರು ದಿನದ ಮೇಲೆ ನಮ್ಮ ಯಜಮಾನರು ಅಂದು ಬೆಳಿಗ್ಗೆ ಮತ್ತೆ ಗಣಿಗೆ ಇಳಿದಿದ್ದರು. ಅವರು ಹತ್ತಿ ಬರುವುದು ಎರಡು ಗಂಟೆಯ ಸಂಗಿನ ಮೇಲೆ. ಗಣಿಯ ಸೈರನ್ನಿಗೆ ಇಲ್ಲಿ ಎಲ್ಲರೂ ಸಂಗು ಎನ್ನುತ್ತಾರೆ. ಅಲ್ಲಿಯತನಕ ನಾನು ಏನಾದರೂ ಮಾಡುತ್ತಲೇ ಇರಬೇಕಿತ್ತು.

ಚಿನ್ನದ ಗಣಿಯ ಈ ಚಾಂಪಿಯನ್ ರೀಫ್ಸಿನಲ್ಲಿ ನೆಲ ಅದುರುವುದು ಹೊಸದಲ್ಲ. ಎಲ್ಲೋ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಲೈನ್ ಮನೆಗಳಲ್ಲಿ ಲೋಟ ಉರುಳುತ್ತದೆ, ತೊಟ್ಟಿಲು ತಾನಾಗಿ ತೂಗುತ್ತದೆ. ಹೆಂಗಸರು ಒಂದು ಗಳಿಗೆ ಕೈಯಲ್ಲಿದ್ದುದನ್ನು ಹಾಗೇ ಹಿಡಿದು ನಿಲ್ಲುತ್ತಾರೆ. ಆಮೇಲೆ ಯಾರೂ ಏನೂ ಹೇಳದೆ ಕೆಲಸ ಮುಂದುವರಿಸುತ್ತಾರೆ. ಹದಿಮೂರು ದಿನದ ಹಿಂದೆ ಮಾತ್ರ ಇವರಿದ್ದ ಕಡೆಯೇ ಸಿಡಿಯಿತು. ಬಲ ಭುಜದ ಮೇಲೆ ಕಲ್ಲು ಬಿದ್ದು, ಸಂಜೆ ಕೈಯನ್ನು ಕುತ್ತಿಗೆಗೆ ಕಟ್ಟಿಸಿಕೊಂಡು ಮನೆಗೆ ಬಂದರು.

"ತಲೆ ಬಿಟ್ಟು ಬುಜದ ಮ್ಯಾಲೆ ಬಿತ್ತು ನೋಡು. ಕಲ್ಲಿಗೂ ಒಸಿ ಮರ್ವಾದೆ ಅದೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಪಿಳ್ಳಿ ಬಾಗಿಲ ಹಿಂದೆ ನಿಂತು ಆ ಕಟ್ಟನ್ನೇ ನೋಡುತ್ತಿದ್ದಳು. ಕರೆದರೂ ಹತ್ತಿರ ಬರಲಿಲ್ಲ.

ನೆಲ ಅದುರಿದ ಗಳಿಗೆಯಲ್ಲಿ ನಾನು ಗೋಡೆಗೆ ಮೊಳೆ ಹೊಡೆಯುತ್ತಿದ್ದೆ. ಪಿಳ್ಳಿ ಪಕ್ಕದಲ್ಲಿ ನಿಂತು ಒಂದೊಂದೇ ಮೊಳೆ ಎತ್ತಿ ಕೊಡುತ್ತಿದ್ದಳು.

ಆ ಮೊಳೆ ಒಂದು ಹಲಗೆಗಾಗಿ. ಆಂಡರ್ಸನ್‌ಪೇಟೆಯ ಅಂಗಡಿಯೊಂದರಲ್ಲಿ ಟೀ ಪುಡಿ ಬರುವ ಪೆಟ್ಟಿಗೆ ಒಡೆದು ಬಿಸಾಕಿದ್ದರು. ಅದರದೊಂದು ಹಲಗೆ ಕೇಳಿ ತಂದು, ಉಜ್ಜಿ ತೊಳೆದು, ಎರಡು ತುದಿಗೂ ಹಗ್ಗದ ಕುಣಿಕೆ ಹಾಕಿಟ್ಟಿದ್ದೆ. ಗೋಡೆಗೆ ಎರಡು ದೊಡ್ಡ ಮೊಳೆ ಹೊಡೆದು ತೂಗುಹಾಕಿದರೆ ಅದರ ಮೇಲೆ ನನ್ನ ನಾಲ್ಕು ಪಿಂಗಾಣಿ ತಟ್ಟೆ ನಿಲ್ಲಿಸಬಹುದು. ನೀಲಿ ಅಂಚು, ನಡುವೆ ಒಂದು ಕೆಂಪು ಹೂವು. ಮದುವೆಯಲ್ಲಿ ಚಿಕ್ಕಮ್ಮ ಕೊಟ್ಟಿದ್ದವು. ಬಂಗಾರಪೇಟೆಯ ಹತ್ತಿರ ಅತ್ತೆಯ ಮನೆಯಲ್ಲಿದ್ದ ಆರು ವರ್ಷ ಅವು ಟ್ರಂಕಿನಲ್ಲೇ ಇದ್ದವು. ಅತ್ತೆ ಕೆಟ್ಟವರಲ್ಲ. ಆದರೆ ಆ ಮನೆಯಲ್ಲಿ ಒಂದು ಚೊಂಬು ಎಲ್ಲಿರಬೇಕು ಎಂದು ನಾನು ಯಾವತ್ತೂ ಹೇಳಿದವಳಲ್ಲ. ಇಲ್ಲಿ ಇರುವುದು ಒಂದೇ ಕೋಣೆ, ಬಿದಿರು ತಟ್ಟಿಗೆ ಮಣ್ಣು ಮೆತ್ತಿದ ಗೋಡೆ. ಆದರೂ ಯಾವ ಗೋಡೆಗೆ ಏನು ಎಂದು ನಾನೇ ಯೋಚಿಸಬಹುದು. ಸಂಕ್ರಾಂತಿಗೆ ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಸೇರಿಸಿ ಬಳಿದಾಗ ಕೋಣೆಯಲ್ಲೆಲ್ಲ ಬೆಳಗಿನ ಬೆಳಕೇ ಬೇರೆಯಾಗಿತ್ತು. ಅದನ್ನು ನೋಡಿಕೊಂಡು ಕೂತು ಅವತ್ತು ಸಾರು ಸೀದುಹೋಯಿತು.

ಮಣ್ಣಿನ ಗೋಡೆಯಲ್ಲಿ ಮೊಳೆ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ, ಒಳಗೆ ಬಿದಿರು ಎಲ್ಲಿದೆ ಎಂದು ಕಿವಿಯಿಂದಲೇ ಹುಡುಕಬೇಕು. ಹಾಗೆ ಹುಡುಕಿ ಎರಡು ಕಡೆ ಅರಿಶಿನದ ಬೊಟ್ಟು ಇಟ್ಟಿದ್ದೆ. ಒಂದು ಮೊಳೆ ಹೊಡೆದದ್ದಾಯಿತು. ಎರಡನೆಯದಕ್ಕೆ ಕೈ ಎತ್ತಿದ್ದೆ, ನೆಲ ಅದುರಿತು.

ಅಂದಿನಿಂದ ಹಲಗೆ ಒಂದೇ ಮೊಳೆಗೆ ನೇತುಬಿದ್ದು, ಇನ್ನೊಂದು ತುದಿ ನೆಲಕ್ಕೆ ಒರಗಿ ಓರೆಯಾಗಿ ನಿಂತಿತ್ತು. ಇವರು ಮನೆಯಲ್ಲಿದ್ದಷ್ಟು ದಿನ ಅದರ ಕಡೆ ನೋಡುವ ಮನಸ್ಸಾಗಲಿಲ್ಲ. ನೋಡಲು ಬರುವ ನೆಂಟರು, ಭುಜಕ್ಕೆ ಶಾಖ, ಮಗುವಿಗೆ ನೆಗಡಿ. ಆ ದಿನಗಳಲ್ಲಿ ನಾನು ಎಷ್ಟು ಸಲ ಕುಟ್ಟಿದೆ, ಬೀಸಿದೆ! ಪಿಳ್ಳಿ ಒನಕೆಯ ತಂಟೆಗೆ ಬಂದಿರಲಿಲ್ಲ. ಹೊರಗೆ ಧಡಧಡ ಎಂದು ಕುಂಟೆಬಿಲ್ಲೆ ಆಡಿಕೊಂಡಿದ್ದಳು. ಇವತ್ತು ಕಾಲಿನ ಗೆಜ್ಜೆಯನ್ನೂ ಬಿಚ್ಚಿಟ್ಟಿದ್ದಾಳೆ ಎಂದು ಆಗ ಗಮನಕ್ಕೆ ಬಂತು. ಕೇಳಿದರೆ ಮತ್ತೆ "ಏನಿಲ್ಲ".

"ಸರಿ ತಾಯಿ, ಕುಟ್ಟಲ್ಲ" ಎಂದು ಒನಕೆ ಒರಗಿಸಿದೆ. "ಬಾ, ಗೋಡೆಗೆ ಊವ ಬಿಡಾನ."

ಸಾರಿಗೆಂದು ತಂದಿದ್ದ ಬೆಂಡೆಕಾಯಿಯ ತೊಟ್ಟಿನ ಕಡೆ ಅಡ್ಡಕ್ಕೆ ಕೊಯ್ದೆ. ಗಂಜಿಯ ತಿಳಿಯಲ್ಲಿ ಕೆಮ್ಮಣ್ಣು ಕಲಸಿ, ಬೆಂಡೆಕಾಯಿಯನ್ನು ಅದ್ದಿ ಗೋಡೆಗೆ ಒತ್ತಿದರೆ ಐದು ಎಸಳಿನ ಹೂವು. ಪಿಳ್ಳಿಯ ಕಣ್ಣು ಅರಳಿತು. "ಸದ್ದೇ ಬರಾಕಿಲ್ಲ!" ಎಂದಳು. ಎಂಥ ಮಾತು ಎಂದುಕೊಂಡೆ, ಅಷ್ಟೆ. ಅವಳು ಕೆಳಗಿನ ಸಾಲು, ನಾನು ಮೇಲಿನ ಸಾಲು. ಅವಳ ಹೂವುಗಳು ಒಂದು ಹತ್ತಿ ಒಂದು ಇಳಿದು ಸಾಗಿದವು, ತಿದ್ದಲಿಲ್ಲ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬರುವಷ್ಟರಲ್ಲಿ ನನ್ನ ಎದೆಯ ಧಾವಂತ ಸ್ವಲ್ಪ ಕೆಳಗಿಳಿದಿತ್ತು. ಇಬ್ಬರ ಮೂಗಿನ ಮೇಲೂ ಕೆಮ್ಮಣ್ಣು.

ಪಕ್ಕದ ಮನೆಯ ಮಂಗಮ್ಮ, ತಮಿಳು ಬೆರೆಸಿಯೇ ಮಾತಾಡುವವಳು, ನೀರಿನ ಬಿಂದಿಗೆ ಹೊತ್ತುಕೊಂಡೇ ಬಾಗಿಲಲ್ಲಿ ಇಣುಕಿದಳು.

"ಎನ್ನ ಕನಕಮ್ಮಾ, ಕಲ್ಯಾಣದ ಮನೆ ಮಾಡ್ಬುಟ್ಟಿದೀಯ! ಯಾರಿಗೆ ಮದ್ವೆ? ನಿನ್ ಗಂಡಂಗೆ ಇನ್ನೊಂದಾ?"

"ಬರ್ಲಿ ಬಿಡು. ಮುಸುರೆ ತಿಕ್ಕಾಕೆ ಒಂದಾಳು ಸಿಕ್ದಂಗಾಯ್ತು."

"ಆಮೇಲೆ ಗೋಡೆಗೆ ಊವ ಅವ್ಳು ಬಿಡ್ತಾಳೆ, ಮುಸುರೆ ನೀನು ತಿಕ್ತೀಯ. ನಿನ್ ಬುದ್ಧಿ ನಂಗೊತ್ತಿಲ್ವಾ?" ಎಂದು ನಕ್ಕಳು. ಓರೆಯಾಗಿದ್ದ ಹಲಗೆಯ ಮೇಲೆ ಕಣ್ಣು ಬಿದ್ದ ಮೇಲೆ ದನಿ ತಗ್ಗಿಸಿದಳು. "ಇವತ್ತೇ ಇಳುದ್ರಂತಲ್ಲ?"

"ಊಂ."

"ಎದ್ರುಕೋಬ್ಯಾಡ. ನಮ್ಮೋರ್ದು ಈ ವಾರ ಎರಡ್ನೇ ಷಿಫ್ಟು. ನಿಮ್ಮೋರು ಮನೆಗೆ ಬಂದ್ ಮ್ಯಾಲೆ ಇವ್ರು ಇಳೀತಾರೆ. ನಿನ್ ಎದ್ರಿಕೆ ಆಗ ನಂಗೆ ಕೊಡು, ನಾನ್ ಇಟ್ಕಂಡಿರ್ತೀನಿ."

ಅವಳು ಹೋದಳು. ಬಾಗಿಲ ಬಿಸಿಲು ಇನ್ನೂ ಹೊಸಿಲಿನಿಂದ ಎರಡು ಗೇಣು ಒಳಗಿತ್ತು. ಸಂಗಿಗೆ ಏನಿಲ್ಲೆಂದರೂ ಮೂರು ಗಂಟೆ. ಹಳೆಯ ಪೇಪರನ್ನು ಮಡಿಸಿ, ಕತ್ತರಿಯಿಂದ ಅಂಚಿಗೆ ಅರ್ಧಚಂದ್ರ ಕತ್ತರಿಸಿ, ಬಿಡಿಸಿದರೆ ಹಲಗೆಯ ಮುಂದೆ ಇಳಿಬಿಡಲು ಜಾಲರಿಯಾಯಿತು. ತಟ್ಟೆಗಳನ್ನು ಟ್ರಂಕಿನಿಂದ ತೆಗೆದು ಒರೆಸಿದೆ. ಎಲ್ಲ ಸಿದ್ಧ. ಇನ್ನೊಂದು ಮೊಳೆ ಹೊಡೆದರೆ ಮುಗಿಯಿತು. ಅವರು ಬಂದು ನೋಡುವಾಗ ಹಲಗೆ ನೇರವಾಗಿರಬೇಕು ಎಂಬ ಹಟ ಹುಟ್ಟಿತು. ನೇರವಾಗಿದ್ದರೆ ಅವರು ಬಂದೇ ಬರುತ್ತಾರೆ ಎನ್ನುವ ಹಾಗೆ.

ಸುತ್ತಿಗೆ ಇರಲಿಲ್ಲ.

ಒಲೆಯ ಪಕ್ಕ, ಟ್ರಂಕಿನ ಹಿಂದೆ, ತೊಟ್ಟಿಲ ಕೆಳಗೆ, ಎಲ್ಲೂ ಇಲ್ಲ. "ಪಿಳ್ಳೀ, ಸುತ್ತಿಗೆ ನೋಡ್ದಾ?"

"ಇಲ್ಲ" ಎಂದಳು ಗೋಡೆಯನ್ನು ನೋಡುತ್ತಾ.

ಹೋಗಲಿ ಎಂದು ರುಬ್ಬುವ ಗುಂಡುಕಲ್ಲು ಎತ್ತಲು ಬಗ್ಗಿದೆ. ಅವಳು ಓಡಿ ಬಂದು ಅದರ ಮೇಲೆ ಕೂತೇಬಿಟ್ಟಳು. "ಏಳೇ" ಎಂದೆ. ಏಳಲಿಲ್ಲ. ರಟ್ಟೆ ಹಿಡಿದು ಎಳೆದೆ. ಒಂದೇ ಸಮ ಕಿರುಚಿದಳು. ಮಗು ಬೆಚ್ಚಿ ಎದ್ದು ಅಳತೊಡಗಿತು. ಬೆಳಗಿನಿಂದ ಕಟ್ಟಿಟ್ಟದ್ದೆಲ್ಲ ನನ್ನ ಕೈಗೆ ಬಂತು; ಎತ್ತಿದೆ ಕೂಡ. ಆಗ ಅವಳ ಮುಖ ಕಂಡಿತು. ಹೊಡೆತಕ್ಕೆ ಹೆದರಿದ ಮುಖವಲ್ಲ. ನನ್ನ ಕೈಯ ಕಡೆ ಅವಳು ನೋಡುತ್ತಲೇ ಇರಲಿಲ್ಲ, ಕಾಲ ಕೆಳಗಿನ ನೆಲವನ್ನು ನೋಡುತ್ತಿದ್ದಳು.

ಎತ್ತಿದ ಕೈಯಲ್ಲಿ ಅವಳ ಮೂಗಿನ ಕೆಮ್ಮಣ್ಣು ಒರೆಸಿದೆ. "ಆಯ್ತು, ಬಡಿಯಲ್ಲ. ಹೇಳಮ್ಮಿ, ಏನದು? ಅಮ್ಮಂಗೆ ಹೇಳಲ್ವಾ?"

ತಲೆ ಅಲ್ಲಾಡಿಸಿದಳು.

ಮಗುವಿಗೆ ಹಾಲೂಡಿಸುತ್ತ ಹೊಸಿಲ ಮೇಲೆ ಕೂತೆ. ಪಿಳ್ಳಿ ನನ್ನ ಸೆರಗು ಹಿಡಿದು ಪಕ್ಕದಲ್ಲಿ ಕೂತಳು. ಬಿಸಿಲು ಒಂದು ಗೇಣು ಸರಿಯಿತು, ಅರ್ಧ ಗೇಣು ಸರಿಯಿತು. ಎದ್ದೆ, ಕೂತೆ, ಒಲೆ ನೋಡಿ ಬಂದೆ. ಹಿಂದೆ ಓರೆಯ ಹಲಗೆ ಬೆನ್ನಿಗೆ ಚುಚ್ಚುತ್ತಿರುವಂತಿತ್ತು.

ಸಂಗು ಕೂಗಿತು. ಇಬ್ಬರೂ ಎದ್ದು ನಿಂತೆವು.

ಮೊದಲು ನಾಲ್ಕು ಜನ ಬಂದರು. ಆಮೇಲೆ ಏಳೆಂಟು ಜನ. ಎಲ್ಲರ ಮುಖದಲ್ಲೂ ಒಂದೇ ಬೂದು ಧೂಳು. ನಡಿಗೆಯಿಂದಲೇ ಗುರುತು ಹಿಡಿಯಬೇಕು. ಬಲಭುಜ ಸ್ವಲ್ಪ ಇಳಿಬಿಟ್ಟು ನಡೆಯುವವರು ಯಾರೂ ಇಲ್ಲ. ಬೀದಿ ಖಾಲಿಯಾಯಿತು. ಪಿಳ್ಳಿಯ ಹಿಡಿತಕ್ಕೆ ಸೆರಗು ಹೆಗಲಿನಿಂದ ಜಾರುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ಹಿಂದಿನ ಗುಂಪಿನಲ್ಲಿ, ಯಾರಿಗೋ ಏನೋ ಹೇಳಿ ನಗುತ್ತಾ ಅವರು ತಿರುವಿನಲ್ಲಿ ಕಂಡರು.

ಕಾಲು ತೊಳೆದು ಒಳಗೆ ಬಂದವರು ಗೋಡೆ ನೋಡಿ ಎರಡು ಹೆಜ್ಜೆ ಹಿಂದೆ ಹೋದರು. "ಯಾರ ಮನೆಗೋ ಬಂದ್ಬುಟ್ಟೆ ಅಂತ ಕಾಣ್ತದೆ. ಇಲ್ಲಿ ಕನಕಮ್ಮ ಅಂತ ಒಬ್ಳಿದ್ಳಲ್ಲಾ, ಎಲ್ಲಿ?"

"ಮೇಲಿನ ಸಾಲು ಅವ್ಳದ್ದು, ಕೆಳಗಿಂದು ನಿಮ್ಮ ಮಗಳದ್ದು" ಎಂದೆ.

"ಕೆಳಗಿನ್ವೇ ಚಂದ. ಕುಣೀತಾ ಅವೆ." ಅವರು ಹಲಗೆಯ ಕಡೆ ಕೈ ತೋರಿದರು. "ಇದ್ಯಾಕೆ ಇನ್ನೂ ಇಂಗೇ ಅದೆ?"

ನಾನು ಉತ್ತರ ಹೇಳುವ ಮೊದಲೇ ಪಿಳ್ಳಿ ಅಡಿಗೆಯ ಮೂಲೆಗೆ ಓಡಿದಳು. ರಾಗಿಯ ಮಡಕೆಗೆ ಮೊಣಕೈತನಕ ಕೈ ಹಾಕಿ ಸುತ್ತಿಗೆ ಎಳೆದಳು. ನೆಲದ ಮೇಲೆಲ್ಲ ರಾಗಿ ಚೆಲ್ಲಿತು.

"ಈಗ ಬಡಿಯಮ್ಮ! ಅಪ್ಪ ಬಂದ, ಈಗ ಬಡಿ!"

ಅವರು ನಕ್ಕರು. ನನಗೂ ನಗು ಬಂತು, ಕಣ್ಣೀರೂ ಬಂತು. ಟ್ರಂಕಿನ ಮೇಲೆ ಹತ್ತಿ ನಿಂತೆ. ಅವರು ಎಡಗೈಯಲ್ಲಿ ಹಲಗೆಯ ತುದಿ ಎತ್ತಿ ಹಿಡಿದರು. ಪಿಳ್ಳಿ ಮೊಳೆ ಆರಿಸಿ ಕೈ ಮೇಲೆತ್ತಿದಳು.

ಅಷ್ಟರಲ್ಲಿ ಮಂಗಮ್ಮನ ಗಂಡ ಮುನಿಶಾಮಿ, ಊಟದ ಡಬ್ಬಿ ಹಿಡಿದು ಎರಡನೇ ಷಿಫ್ಟಿಗೆ ಹೊರಟವನು, ಬಾಗಿಲ ಮುಂದೆ ನಿಂತ. "ಏನು ಪಿಳ್ಳಮ್ನೋರೇ, ಮೇಸ್ತ್ರಿ ಕೆಲ್ಸ ಜೋರಾ? ನಾನ್ ಇಳಿದು ಬತ್ತೀನಿ, ಬಂದ್ಮೇಲೆ ನಮ್ಮನೇಗೂ ಒಂದು ಬಡಿವಂತೆ."

ಅವನು ನಡೆದ. ಪಿಳ್ಳಿ ಅವನ ಬೆನ್ನನ್ನೇ ನೋಡಿದಳು, ತಿರುವಿನಲ್ಲಿ ಮರೆಯಾಗುವ ತನಕ. ಮೊಳೆಗೆಂದು ನಾನು ಚಾಚಿದ ಕೈ ಹಾಗೇ ಇತ್ತು. ಅವಳು ಮೆಲ್ಲಗೆ ತನ್ನ ಕೈ ಹಿಂದಕ್ಕೆ ಎಳೆದುಕೊಂಡು ಮುಷ್ಟಿ ಮುಚ್ಚಿದಳು.

"ಕೊಡೇ" ಎಂದರು ಅವಳಪ್ಪ. "ತೋಳು ನೋಯ್ತದೆ."

ಅವಳು ಅವರ ಭುಜ ನೋಡಿದಳು. ನೆಲ ನೋಡಿದಳು. ಆಮೇಲೆ, ಬೆಳಗಿನಿಂದ ತೆರೆದು ತೆರೆದು ಮುಚ್ಚಿದ್ದ ಬಾಯಿಯನ್ನು ಪೂರ್ತಿ ತೆರೆದು ಕೇಳಿದಳು:

"ಅಮ್ಮಾ, ಅವತ್ತು ನಾನು ಮೊಳೆ ಎತ್ತಿಕೊಟ್ಟೆ, ನೀನು ಬಡಿದೆ. ಅದಕ್ಕೇನಾ ಕೆಳಗೆ ಅಪ್ಪನ ಮ್ಯಾಲೆ ಕಲ್ಲು ಬಿದ್ದಿದ್ದು?"