ಗೆರೆಯ ಒಳಗಿನ ಹೊಲಿಗೆ

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ದಿನ ತಂಗಿ ಒಂದು ನಿರ್ಧಾರ ಮಾಡಿದಳು: ಇನ್ನು ಮೇಲೆ ಜಗಳವಿಲ್ಲ. ಇದೇನು ಸಣ್ಣ ತ್ಯಾಗವಲ್ಲ. ಬೆಳಗಾಯಿತೆಂದು ಆ ಬೀದಿಗೆ ತಿಳಿಯುತ್ತಿದ್ದುದೇ ಹೊಲಿಗೆ ಅಂಗಡಿಯಲ್ಲಿ ಇವರಿಬ್ಬರ ದನಿ ಏರಿದಾಗ. ಅಕ್ಕ ಬಟ್ಟೆ ಕತ್ತರಿಸುವವಳು, ತಂಗಿ ಹೊಲಿಯುವವಳು. ಹಾಗಾಗಿ ಬೀದಿಯವರ ಬಾಯಲ್ಲಿ ಒಬ್ಬಳು ಕತ್ತರಿ, ಇನ್ನೊಬ್ಬಳು ಸೂಜಿ. ಒಬ್ಬರನ್ನೊಬ್ಬರು ಬಿಟ್ಟಿರಲಾರರು, ಒಂದು ಗಳಿಗೆ ಬಾಯಿ ಮುಚ್ಚಿಕೊಂಡೂ ಇರಲಾರರು.

ಜಗಳದ ವಿಷಯವೂ ಹೊಸದಲ್ಲ. ಅಕ್ಕ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಡುತ್ತಿದ್ದಳು. ಸೂಜಿ ಎಂಬ ಈ ತಂಗಿ ಆ ಗೆರೆಯ ಮೇಲೆ ಹೊಲಿಯದೆ ಅರ್ಧ ಬೆರಳಿನಷ್ಟು ಒಳಗೇ ಹೊಲಿಯುತ್ತಿದ್ದಳು. ಹೊಲಿಗೆ ಕಲಿತಾಗಿನಿಂದ ಅವಳ ಕೈ ಹಾಗೆಯೇ.

“ನಾನು ಗೆರೆ ಎಳೆದಿರೋದೇನು ಅಂದಕ್ಕಾ?” ಎಂದು ಅಕ್ಕ ರೇಗುತ್ತಿದ್ದಳು.

“ನಿನ್ನ ಗೆರೆ ಮೇಲೆ ಹೊಲಿದ್ರೆ ಜನ ಗೋಣಿಚೀಲ ಹಾಕ್ಕೊಂಡು ಓಡಾಡ್ಬೇಕಷ್ಟೆ,” ಎಂದು ಇವಳು.

ಅಕ್ಕನ ಎದೆಯಲ್ಲಿ ಗಂಟು ಸಿಕ್ಕಿ, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಎಡಗಡೆಯ ಸ್ತನವನ್ನು ತೆಗೆದ ಮೇಲೆ ನೋಡಲು ಬಂದವರಲ್ಲಿ ಚಿಕ್ಕಮ್ಮನೂ ಒಬ್ಬಳು. ಚಿಕ್ಕಮ್ಮನ ಮನಸ್ಸು ಒಳ್ಳೆಯದೇ, ಬಾಯಿಗೆ ಮಾತ್ರ ಬಾಗಿಲಿಲ್ಲ. “ಎಲ್ಲಾ ಮನಸ್ಸಿಗೆ ಹಚ್ಕೊಂಡು ಹಚ್ಕೊಂಡು ಬಂದಿದ್ದು. ಇವಳಿಗೆ ಟೆನ್ಷನ್ ಒಂದಾ ಎರಡಾ, ಪಾಪ,” ಎಂದವಳೇ ಸೂಜಿಯ ಕಡೆ ಒಮ್ಮೆ ನೋಡಿದಳು. ಅಷ್ಟೇ ಸಾಕಾಯಿತು. ಗಂಡನನ್ನು ಬಿಟ್ಟು ಅಕ್ಕನ ಮನೆ ಸೇರಿದವಳು ಸೂಜಿ. ಗಂಡನ ಕಡೆಯವರ ಬೈಗುಳ, ಕೋರ್ಟಿನ ಅಲೆದಾಟ ಎಲ್ಲಕ್ಕೂ ಹೆಗಲು ಕೊಟ್ಟವಳು ಅಕ್ಕ. ಅದು ಸಾಲದೆಂಬಂತೆ ದಿನಬೆಳಗಾದರೆ ಜಗಳ ಬೇರೆ. ಅಕ್ಕನಿಗೆ ಈ ಕಾಯಿಲೆ ತಂದಿಟ್ಟವಳು ತಾನೇ ಎಂದು ಸೂಜಿಗೆ ಖಾತ್ರಿಯಾಗಿ ಹೋಯಿತು.

ದೂರದ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಗುಟ್ಟಾಗಿ ಒಂದು ಕೆಲಸ ಗೊತ್ತುಮಾಡಿಕೊಂಡಳು. ಚಿಕಿತ್ಸೆ ಮುಗಿಯಲಿ, ನಾನು ಹೊರಟುಬಿಡುತ್ತೇನೆ, ಅಕ್ಕನಾದರೂ ನೆಮ್ಮದಿಯಾಗಿರಲಿ ಎಂದುಕೊಂಡಳು. ಅಲ್ಲಿಯವರೆಗೆ ಬಾಯಿಗೆ ಬೀಗ.

“ಟೀ ಅಲ್ಲ ಇದು, ಪಾತ್ರೆ ತೊಳೆದ ನೀರು,” ಎಂದು ಅಕ್ಕ ಕೆಣಕಿದರೆ, “ಹೌದಕ್ಕ, ಬೇರೆ ಮಾಡ್ತೀನಿ,” ಎನ್ನುತ್ತಿದ್ದಳು. ಅಕ್ಕ ಲೋಟ ಹಿಡಿದುಕೊಂಡೇ ಅವಳ ಮುಖವನ್ನು ಪಿಳಿಪಿಳಿ ನೋಡುತ್ತಿದ್ದಳು.

ಡಾಕ್ಟರು ಒಪ್ಪಿದ ಮೇಲೆ ಅಕ್ಕ ಬೆಳಿಗ್ಗೆ ಸ್ವಲ್ಪ ಹೊತ್ತು ಅಂಗಡಿಗೆ ಬಂದು, ಬಟ್ಟೆ ಕತ್ತರಿಸಿಟ್ಟು, ಒಳಗೆ ಹೋಗಿ ಮಲಗುತ್ತಿದ್ದಳು. ಸೂಜಿ ಈಗ ಗೆರೆಯ ಮೇಲೆಯೇ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಹೊಲಿಯತೊಡಗಿದಳು. ಇಷ್ಟು ವರ್ಷ ಕೇಳದ ಮಾತನ್ನು ಈಗಲಾದರೂ ಕೇಳಿದೆನಲ್ಲ ಎಂಬ ಸಮಾಧಾನ ಅವಳಿಗೆ.

ಹೊಲಿದುಕೊಟ್ಟ ಬಟ್ಟೆಗಳು ಒಂದೊಂದಾಗಿ ವಾಪಸು ಬಂದವು. ಅಂಚೆಯವನ ಅಂಗಿಯೊಳಗೆ ಇನ್ನೊಬ್ಬ ಅಂಚೆಯವನಿಗೆ ಜಾಗವಿತ್ತು. ಶಾಲೆಯ ಮೇಡಂ ಹೊಸ ಕೋಟು ತೊಟ್ಟು ತಮ್ಮ ಕೈಗಳನ್ನು ಹುಡುಕುತ್ತಾ ನಿಂತರು. ಕಾಯಿಲೆ ಅಕ್ಕನ ಕೈಗೂ ಇಳಿದಿದೆ, ಅಳತೆ ತಪ್ಪುತ್ತಿದೆ ಎಂದೇ ತಿಳಿದಳು ಸೂಜಿ, ಹುಚ್ಚಿ. ಈ ಸುದ್ದಿ ಅಕ್ಕನ ಕಿವಿಗೆ ಬೀಳಬಾರದೆಂದು ವಾಪಸು ಬಂದದ್ದನ್ನೆಲ್ಲ ಇಸ್ತ್ರಿ ಮೇಜಿನ ಕೆಳಗಿನ ಪೆಟ್ಟಿಗೆಗೆ ತುರುಕಿದಳು. ಅಕ್ಕ ನಿದ್ದೆ ಹೋದಾಗ ತೆಗೆದು, ಬಿಚ್ಚಿ, ಅಂದಾಜಿನ ಮೇಲೆ ಬಿಗಿ ಮಾಡಿ ಕೊಡುತ್ತಿದ್ದಳು.

ಕೊನೆಯ ತಪಾಸಣೆಯ ದಿನ ಇಬ್ಬರೂ ಡಾಕ್ಟರಮ್ಮನ ಎದುರು ಕೂತಿದ್ದರು.

“ಡಾಕ್ಟ್ರೇ, ನಿಜ ಹೇಳಿ. ನಾನಿನ್ನು ಎಷ್ಟು ದಿನ?” ಎಂದಳು ಅಕ್ಕ ಇದ್ದಕ್ಕಿದ್ದಂತೆ.

“ಯಾಕಮ್ಮಾ? ರಿಪೋರ್ಟೆಲ್ಲಾ ಚೆನ್ನಾಗೇ ಇದೆಯಲ್ಲ.”

“ಮತ್ತೆ ಇವಳ್ಯಾಕೆ ನನ್ನ ಜೊತೆ ಜಗಳ ಆಡ್ತಿಲ್ಲ? ನನಗೆ ಹೇಳದೆ ಇವಳ ಹತ್ರ ಏನೋ ಹೇಳಿದೀರ ನೀವು.”

ಸೂಜಿಗೆ ಅಳು ಒತ್ತರಿಸಿ ಬಂತು. ಚಿಕ್ಕಮ್ಮ ಅಂದದ್ದು, ತಾನು ಕೊಟ್ಟ ಕಾಟ, ಹಿಡಿದ ಮೌನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ತುಂಬಾ ಜನ ಕೇಳ್ತಾರಮ್ಮಾ. ಅಧ್ಯಯನಗಳು ಬೇಕಾದಷ್ಟು ಆಗಿವೆ. ಸಂಬಂಧ ಇರಬಹುದು ಅಂತ ಕೆಲವರು ಅಂದ್ರು, ಕಾಣಿಸ್ತಿಲ್ಲ ಅಂತ ಎಷ್ಟೋ ಜನ ಅಂದ್ರು. ಟೆನ್ಷನ್ನಿಂದಲೇ ಬರುತ್ತೆ ಅಂತ ಸಾಬೀತಾಗಿಲ್ಲ. ಚಿಂತೆ ನಿದ್ದೆ ಕೆಡಿಸುತ್ತೆ, ಊಟ ಕೆಡಿಸುತ್ತೆ, ಅದು ನಿಜ. ಆದ್ರೆ ಇಂಥವರು ಕೊಟ್ಟ ಚಿಂತೆಯಿಂದಲೇ ಈ ಗಂಟು ಬಂತು ಅಂತ ಬೆರಳು ತೋರಿಸೋಕೆ ನನ್ನಿಂದಾಗಲ್ಲ. ನಿಮ್ಮ ಚಿಕ್ಕಮ್ಮನಿಂದಲೂ ಆಗಲ್ಲ.”

ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಸೂಜಿಯ ತಲೆಯಲ್ಲಿ ಒಂದೇ ಯೋಚನೆ: ಡಾಕ್ಟರಮ್ಮ ಇಲ್ಲವೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಲಿಲ್ಲವಲ್ಲ. ಬಸ್ಸಿನಿಂದಿಳಿದು ಅಂಗಡಿಯತ್ತ ನಡೆಯುವಾಗ ಕಾರ್ಖಾನೆಯ ವಿಷಯವನ್ನು ಬಾಯಿಬಿಟ್ಟಳು. “ನಾನು ಹೋಗ್ತೀನಕ್ಕ. ನೀನು ನೆಮ್ಮದಿಯಾಗಿರು.” ಅಕ್ಕ ಸೆರಗು ಬಿಗಿದುಕೊಂಡು ಮುಂದೆ ನಡೆದಳು.

ಅಂಗಡಿ ಬಾಗಿಲಲ್ಲಿ ಶಾಲೆಯ ಮೇಡಂ ಕೋಟು ಹಿಡಿದು ಕಾಯುತ್ತಿದ್ದರು. “ಬಿಗಿ ಮಾಡಿದ್ಮೇಲೂ ದೊಡ್ಡದೇ ಕಣಮ್ಮಾ,” ಎಂದರು. ಸೂಜಿ ಕೈಚಾಚುವಷ್ಟರಲ್ಲಿ ಕೋಟು ಅಕ್ಕನ ಕೈಯಲ್ಲಿತ್ತು. ಅವಳು ಒಳಗೆ ಹೋಗಿ ಅದನ್ನು ತಿರುವಿ ಹಾಕಿ, ಬಿಚ್ಚಿದ ಹಳೆಯ ಹೊಲಿಗೆಯ ತೂತುಗಳ ಮೇಲೆ ಹೆಬ್ಬೆರಳಾಡಿಸಿದಳು. ಅಷ್ಟೂ ತೂತುಗಳು ಸೀಮೆಸುಣ್ಣದ ಗೆರೆಯ ಮೇಲೆಯೇ ಇದ್ದವು. ಬಗ್ಗಿ ನೋಡಿದರೆ ಮೇಜಿನ ಕೆಳಗೆ ಪೆಟ್ಟಿಗೆ ತುಂಬ ಬಟ್ಟೆ.

“ಗೆರೆ ಮೇಲೆ ಹೊಲಿದಿದೀಯಾ?” ಅಕ್ಕನ ದನಿ ಬಹಳ ದಿನಗಳ ಮೇಲೆ ಏರಿತು.

“ನೀನೇ ತಾನೇ ಬಡ್ಕೋತಿದ್ದೆ!”

“ನಾನು ಬಡ್ಕೋತೀನಿ, ನೀನು ಕೇಳಲ್ಲ! ನೀನು ಕೇಳಲ್ಲ ಅಂತ ನಂಬ್ಕೊಂಡೇ ನಾನು ಇಷ್ಟು ವರ್ಷ ಗೆರೆನ ಅರ್ಧ ಬೆರಳು ಆಚೆಗೇ ಎಳೀತಿರೋದು!”

ಸೂಜಿ ಬೆಪ್ಪಾದಳು. ಅಕ್ಕನ ಕೈ ತಪ್ಪಿರಲಿಲ್ಲ. ಆ ಕೈಗೆ ಏನೂ ಆಗಿರಲಿಲ್ಲ. ಹಿಡಿಸಲಾರದಷ್ಟು ಸಂತೋಷವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

“ಹಾಗಾದ್ರೆ ದಿನಾ ಯಾಕೆ ಬೈತಿದ್ದೆ?”

“ಎದುರುಬದುರು ಕೂತು ಇನ್ನೇನು ಮಾಡ್ಲಿ? ನೀನು ಎದುರು ಮಾತಾಡ್ತಿದ್ರೆ ನಾನು ಬದುಕಿದೀನಿ ಅಂತ ನನಗೆ ಗೊತ್ತಾಗೋದು. ಈ ನಿನ್ನ ‘ಹೌದಕ್ಕ’ ಕೇಳಿ ಕೇಳಿ ಸತ್ತೇ ಹೋದೆ ಅಂದ್ಕೊಂಡಿದ್ದೆ ಕಣೇ.”

ಮೇಡಂ ಮೆಲ್ಲಗೆ ಜಾಗ ಖಾಲಿ ಮಾಡಿದರು. ಅಕ್ಕ ಬಾಗಿಲು ಓರೆ ಮಾಡಿ, ಅಳತೆಪಟ್ಟಿಯನ್ನು ತಂಗಿಯ ಕೈಗಿಟ್ಟು ತೋಳೆತ್ತಿ ನಿಂತಳು. “ನನಗೊಂದು ಗೌನು ಬೇಕು. ಹಳೇದು ಯಾವುದೂ ಆಗ್ತಿಲ್ಲ. ಅಳತೆ ತಗೋ.” ಪಟ್ಟಿ ಬೆನ್ನು ಬಳಸಿ ಬಂದು ಎಡಗಡೆ ನಿಂತುಬಿಟ್ಟಿತು. ಸೂಜಿ ಅಲ್ಲಿ ಅಂಗೈ ಇಟ್ಟಳು. ಬಟ್ಟೆಯ ಕೆಳಗೆ ಅಕ್ಕನ ಗುಂಡಿಗೆ ಮೊದಲಿಗಿಂತ ಹತ್ತಿರದಲ್ಲಿ ಬಡಿದುಕೊಳ್ಳುತ್ತಿತ್ತು.

“ಹೋಗೋದಾದ್ರೆ ಹೋಗು,” ಎಂದಳು ಅಕ್ಕ ಎತ್ತಲೋ ನೋಡುತ್ತಾ. “ಆದ್ರೆ ನಿನ್ನ ಸೊಟ್ಟ ಕೈಗೆ ನನ್ನ ಗೆರೆ ಪಳಗಿಬಿಟ್ಟಿದೆ. ಬೇರೆ ಯಾರು ಹೊಲಿದ್ರೂ ಗೋಣಿಚೀಲವೇ.”

ಮಾರನೆಯ ದಿನ ಅಂಚೆಯವನು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಕಿವಿಗೊಟ್ಟ. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು.

“ಮತ್ತೆ ಗೆರೆ ಬಿಟ್ಟು ಒಳಗೆ ಹೋದೆಯಲ್ಲೇ!”

“ನನ್ನ ಕೈ, ನನ್ನ ಹೊಲಿಗೆ. ಹಾಕ್ಕೊಂಡು ನೋಡಿ ಆಮೇಲೆ ಕಿರುಚು!”

ಗೌನು ಅಕ್ಕನಿಗೆ ಅಚ್ಚುಕಟ್ಟಾಗಿ ಕೂತಿತು, ಎಡಗಡೆಯೂ.