ಊಟ ಮುಗಿದ ಸದ್ದು

ಮೈಕು ಊಟ ಮುಗಿಸಿದ್ದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಮಗ್ಗದ ಮಿಲ್ಲಿನ ಗದ್ದಲದಲ್ಲಿ ಅರ್ಧ ಆಯುಸ್ಸು ಕಳೆದು ಅವನ ಕಿವಿ ಮಂದವಾಗಿತ್ತು. ತನಗೆ ಕೇಳಿಸದ್ದು ಲೋಕಕ್ಕೂ ಕೇಳಿಸಲಿಕ್ಕಿಲ್ಲ ಎಂದು ತಿಳಿದವನ ಹಾಗೆ, ಕೊನೆಯ ತುತ್ತು ನುಂಗಿ, ಬೆರಳು ನೆಕ್ಕಿ, ಗಂಟಲು ಬಿಚ್ಚುತ್ತಿದ್ದ: "ಅಲ್‌ಹಮ್ದು ಲಿಲ್ಲಾಹ್..." ನಮಗೆ ಉಣಿಸಿದ, ನೀರು ಕುಡಿಸಿದ, ನಮ್ಮನ್ನು ಮುಸ್ಲಿಮರನ್ನಾಗಿ ಮಾಡಿದ ಅಲ್ಲಾಹನಿಗೆ ಸ್ತುತಿ ಎನ್ನುವ, ಊಟದ ನಂತರದ ಅಷ್ಟುದ್ದದ ದುಆ, ಒಂದಕ್ಷರ ಬಿಡದೆ. ಮೈಕು ಎಂಬ ಹೆಸರಿಟ್ಟವರು ಮಿಲ್ಲಿನವರು. ಎದುರು ಮನೆಯವಳಂತೂ, "ಮೈಕಣ್ಣನ ಊಟ ಆಯ್ತು, ಇನ್ನು ನಮ್ಮ ಒಲೆನೂ ಆರಿಸಬಹುದು" ಎಂದು ನಗುತ್ತಿದ್ದಳು.

ಹೆಂಡತಿಗೆ ನಾಚಿಕೆಯಾಗುತ್ತಿತ್ತು. "ದೇವರೇನು ಕಿವುಡನಾ? ಸ್ವಲ್ಪ ಮೆಲ್ಲಗೆ ಹೇಳಿ" ಎನ್ನುತ್ತಿದ್ದಳು.

"ಕೂಗೋದು ಅವನಿಗಲ್ಲ ಕಣೆ" ಎಂದು ಅವನು ಹಲ್ಲು ಕಿರಿಯುತ್ತಿದ್ದ. ಮತ್ಯಾರಿಗೆ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಗಂಡಂದಿರು ಆಡುವ ಮಾತಿಗೆಲ್ಲ ಅರ್ಥ ಕೇಳುತ್ತ ಕೂತರೆ ಪಾತ್ರೆ ತೊಳೆಯುವವರು ಯಾರು?

ಅಂಥ ಗಂಟಲನ್ನು ಲಕ್ವ ಒಂದು ಬೆಳಗ್ಗೆ ಕಿತ್ತುಕೊಂಡಿತು. ಬಲಗೈ, ಬಲಗಾಲು, ಮಾತು, ನುಂಗುವ ಶಕ್ತಿ ಎಲ್ಲ ಒಟ್ಟಿಗೇ ಹೋದವು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಮೂಗಿಗೆ ಒಂದು ಸಣ್ಣ ಪೈಪು ಇಳಿಸಿ, "ಬಾಯಿಗೆ ಒಂದು ಹನಿ ನೀರೂ ಹಾಕಬೇಡಿ, ಶ್ವಾಸಕ್ಕೆ ಇಳಿದರೆ ಕಷ್ಟ" ಎಂದರು. ದೊಡ್ಡ ಸಿರಿಂಜಿನಲ್ಲಿ ಹಾಲು, ಗಂಜಿಯ ತಿಳಿ ತುಂಬಿ ಪೈಪಿನಲ್ಲಿ ಬಿಡುವುದನ್ನು ನರ್ಸಮ್ಮ ಹೇಳಿಕೊಟ್ಟಳು. ಅದೇ ಅವನ ಊಟ. ನಾಲಿಗೆಗೆ ಅದರ ಪರಿಚಯವೇ ಇಲ್ಲ.

ಮನೆಯೆಂದರೆ ಒಂದು ಕೋಣೆ, ಪರದೆಯ ಆಚೆ ಅಡುಗೆ ಮಾಡುವ ಜಾಗ. ಕೋಣೆಯಲ್ಲಿ ಕಬ್ಬಿಣದ ಮಂಚ, ಮಗಳ ಹೊಲಿಗೆ ಯಂತ್ರ. ಮನೆಗೆ ಬಂದ ಮೊದಲ ಸಂಜೆ ಮಗಳು ಎಂದಿನಂತೆ ಈರುಳ್ಳಿ ಹುರಿದು ಮೊಟ್ಟೆ ಒಡೆದು ಹಾಕಿದಳು. ಘಮ ಮಂಚದವರೆಗೆ ಹೋಯಿತು. ಅವನು ಪರದೆಯ ಕಡೆ ಮುಖ ತಿರುಗಿಸಿದ. ಎಡಗಣ್ಣಿನಿಂದ ನೀರು ಇಳಿಯಿತು.

ಆ ಕ್ಷಣವೇ ಹೆಂಡತಿ ಒಂದು ತೀರ್ಮಾನ ಮಾಡಿದಳು. ಇನ್ನು ಈ ಮನೆಯಲ್ಲಿ ಅವನ ಮುಂದೆ ಯಾರೂ ಉಣ್ಣಕೂಡದು. ಒಗ್ಗರಣೆ ಬೇಡ, ಹುರಿಯುವುದು ಬೇಡ. ರೊಟ್ಟಿಯನ್ನು ಎದುರು ಮನೆಯ ಒಲೆಯಲ್ಲಿ ಸುಟ್ಟು ತಂದು, ಪರದೆಯ ಹಿಂದೆ ಗೋಡೆಗೆ ಒರಗಿ, ಕಳ್ಳರ ಹಾಗೆ ತಿನ್ನುವುದು.

"ದುಆ?" ಎಂದು ಮಗಳು ಕೇಳಿದಳು.

"ಮನಸ್ಸಲ್ಲೇ ಹೇಳ್ಕೋ. ಅದನ್ನ ಕೇಳಿದ್ರೆ ಅಬ್ಬಾಗೆ ಹೊಟ್ಟೆ ಉರಿಯಲ್ವಾ? ಉಣ್ಣೋಕಾಗದವನ ಮುಂದೆ ಉಂಡೆ ಉಂಡೆ ಅಂತ ಸಾರೋದಾ?"

ಹೀಗೆ ಬೀದಿಗೆಲ್ಲ ಕೇಳುತ್ತಿದ್ದ ಆ ಮಾತು ತುಟಿಯ ಒಳಗೇ ಉಳಿಯಿತು.

ಕೆಲವು ದಿನ ಅವನು ಸುಮ್ಮನೆ ಹಾಲು ಇಳಿಸಿಕೊಂಡ. ಆಮೇಲೆ ಎಡಗೈ ಬೆರಳುಗಳನ್ನು ಕೂಡಿಸಿ ತುತ್ತಿನ ಹಾಗೆ ಬಾಯಿಯ ಹತ್ತಿರ ಒಯ್ಯತೊಡಗಿದ. ಒಯ್ದು, ಕೈ ಚಾಚುತ್ತಿದ್ದ. ಮತ್ತೆ ಬಾಯಿ, ಮತ್ತೆ ಚಾಚಿದ ಕೈ. ಊಟ ಕೇಳುತ್ತಿದ್ದಾನೆ ಎಂದುಕೊಂಡ ಅವಳಿಗೆ ಆ ಕೈಯನ್ನು ನೋಡಲು ಆಗುತ್ತಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ಹೋಗಿ ಅಳುತ್ತಿದ್ದಳು. ಕೆಂಪಾದ ಕಣ್ಣು, ಆರೈಕೆಯಲ್ಲಿ ಸೊರಗಿದ ಕೆನ್ನೆ ಹೊತ್ತು ಮರಳಿ ಬರುತ್ತಿದ್ದಳು. ಅವನು ಅದನ್ನೇ ಬಹಳ ಹೊತ್ತು ನೋಡುತ್ತಿದ್ದ.

ಆಮೇಲೆ ಪೈಪು ಕೀಳಲು ಶುರು ಮಾಡಿದ. ಸಿರಿಂಜು ಹತ್ತಿರ ಬಂದರೆ ಅದನ್ನು ಪರದೆಯ ಕಡೆಗೆ ನೂಕುತ್ತಿದ್ದ. ನರ್ಸಮ್ಮ ಬಂದು ಮತ್ತೆ ಪೈಪು ಹಾಕಿದಳು; ಅವನು ಮತ್ತೆ ಕಿತ್ತ.

"ಬದುಕೋ ಆಸೆ ಬಿಟ್ಟವರು ಹೀಗೇ ಮಾಡ್ತಾರಮ್ಮ. ಕೈ ಕಟ್ಟಿಬಿಡಿ" ಎಂದಳು ನರ್ಸಮ್ಮ. ಕೆಟ್ಟವಳೇನಲ್ಲ, ದಿನಕ್ಕೆ ಇಂಥ ಎಷ್ಟೋ ಜನರನ್ನು ನೋಡುವವಳು.

ಮಗಳ ಹತ್ತಿಯ ದುಪಟ್ಟಾದಿಂದ, ಅವನಿಗೆ ಉಳಿದಿದ್ದ ಒಂದೇ ಕೈಯನ್ನು ಹೆಂಡತಿ ಮಂಚದ ಸರಳಿಗೆ ಕಟ್ಟಿದಳು. ದುಃಖದ ಜೊತೆ ಅವಳಿಗೆ ಸಿಟ್ಟೂ ಬಂದಿತ್ತು. ಒಣ ರೊಟ್ಟಿಗೂ ಬೀದಿ ಕೇಳುವಂತೆ ದೇವರನ್ನು ಹೊಗಳಿದ ಮನುಷ್ಯ ಇವನು. ಈಗ ಹಾಲನ್ನು ಒದೆಯುತ್ತಾನೆ. "ಅನ್ನದ ಮೇಲೆ ಮುನಿಸಾ? ನೀವು ಏನು ಮಾಡಿದ್ರೂ ನಾನು ಬಿಡಲ್ಲ" ಎಂದು ಅವನ ಕಿವಿಯ ಹತ್ತಿರ ಕೂಗಿ ಸಿರಿಂಜು ಒತ್ತಿದಳು. ಅವನು ತಲೆ ಕೊಡವಿದ. ಇನ್ನೊಮ್ಮೆ ಕೊಡವಿದಾಗ ಪೈಪು ಸರಿಯಿತು. ಹಠದಲ್ಲಿದ್ದ ಅವಳು ನೋಡಲಿಲ್ಲ, ಒತ್ತುತ್ತಲೇ ಹೋದಳು. ಅವನು ನೀಲಿಗಟ್ಟಿ ಕೆಮ್ಮಿದ ಮೇಲೆಯೇ ಅವಳ ಕೈ ನಿಂತಿದ್ದು.

ಅವತ್ತಿನಿಂದ ಜ್ವರ ಹಿಡಿಯಿತು. ಎದೆಯೊಳಗೆ ನೀರು ಕುದಿಯುವ ಹಾಗೆ ಸದ್ದು. ಆಸ್ಪತ್ರೆಯಲ್ಲಿ ಎದೆ ನೋಡಿದವರು ಔಷಧಿ ಕೊಟ್ಟರು, ಮುಖ ಕೊಟ್ಟು ಮಾತಾಡಲಿಲ್ಲ.

ಸುದ್ದಿ ಕೇಳಿ ಅವನ ಅಕ್ಕ ಬಸ್ಸು ಹತ್ತಿ ಬಂದಳು. ತಮ್ಮನ ಗಂಟಲು ಎಲ್ಲಿಂದ ಬಂದದ್ದೆಂದು ಅವಳ ದನಿ ಕೇಳಿದವರು ವಿಚಾರಿಸಬೇಕಿರಲಿಲ್ಲ. ಮಲಗಿದ್ದ ತಮ್ಮನ ಹಣೆ ಮುಟ್ಟಿ, ಅತ್ತು, ಮೂಗು ಒರೆಸಿಕೊಂಡು, "ಹೊಟ್ಟೆಗೆ ಏನಾದ್ರೂ ಹಾಕ್ರೇ, ದಾರಿಯಲ್ಲಿ ಏನೂ ತಿಂದಿಲ್ಲ" ಎಂದಳು. ಪರದೆಯ ಹಿಂದೆ ಕೂರಿಸಿ ರೊಟ್ಟಿ ಕೊಟ್ಟರು. ಮನೆಯ ಹೊಸ ಕಾನೂನನ್ನು ಅವಳಿಗೆ ಹೇಳುವುದು ಯಾರಿಗೂ ನೆನಪಾಗಲಿಲ್ಲ. ಕೊನೆಯ ಚೂರು ನುಂಗಿ ಅವಳು ಗಂಟಲು ಬಿಚ್ಚಿದಳು: "ಅಲ್‌ಹಮ್ದು ಲಿಲ್ಲಾಹ್..."

ಹೆಂಡತಿ ಗಾಬರಿಯಾಗಿ ಅವಳ ಬಾಯಿಗೆ ಕೈ ಅಡ್ಡ ತಂದಳು. ಅಷ್ಟರಲ್ಲಿ ಆಚೆಯಿಂದ ಟಣ್ ಟಣ್ ಎಂದು ಸದ್ದು ಕೇಳಿತು. ಓಡಿ ಬಂದು ನೋಡಿದರೆ, ಕಟ್ಟಿದ ಮುಷ್ಟಿಯಿಂದ ಅವನು ಸರಳಿಗೆ ಬಡಿಯುತ್ತಿದ್ದ. ಕಣ್ಣು ಅಗಲವಾಗಿ ತೆರೆದಿತ್ತು.

"ಕಳ್ಳನನ್ನ ಕಟ್ಟಿದ ಹಾಗೆ ಕಟ್ಟಿದ್ದೀರಲ್ಲ" ಎನ್ನುತ್ತ ಅಕ್ಕ ಗಂಟು ಬಿಚ್ಚಿದಳು. ಅವನು ಬೆರಳು ಕೂಡಿಸಿ ಬಾಯಿಗೆ ಒಯ್ದ. ಆಮೇಲೆ ಕೈ ಚಾಚಿ ಹೆಂಡತಿಯನ್ನು ತೋರಿಸಿದ. ಮತ್ತೆ ಬಾಯಿ, ಆಮೇಲೆ ಮಗಳು.

"ದಿನಾ ಹೀಗೇ ಊಟ ಕೇಳ್ತಾರೆ ಆಪಾ. ಏನು ಮಾಡ್ಲಿ?" ಎಂದಳು ಹೆಂಡತಿ.

ಅಕ್ಕ ತಮ್ಮನ ಮುಖವನ್ನೇ ನೋಡಿದಳು. "ಅವನು ಊಟ ಕೇಳ್ತಿಲ್ಲ. ನೀವು ಉಂಡ್ರಾ ಅಂತ ಕೇಳ್ತಿದ್ದಾನೆ. ನೀವು ಊಟ ಆದ್ಮೇಲೆ ದುಆ ಹೇಳ್ತಿಲ್ವಾ?"

"ಅವರಿಗೆ ಸಂಕಟ ಆಗುತ್ತೆ ಅಂತ ಮನಸ್ಸಲ್ಲೇ..."

ಅಕ್ಕ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. "ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಹಸಿವು. ಅಮ್ಮಿ ಇದ್ದದ್ದನ್ನೆಲ್ಲ ನಮಗೆ ಹಾಕಿ, ನಂದಾಯ್ತು ಅನ್ನೋಳು. ಮಕ್ಕಳಿಗೆ ಸುಳ್ಳು ಹೇಳೋಳು, ದೇವರಿಗೆ ಹೇಳ್ತಿರಲಿಲ್ಲ. ಉಣ್ಣದೆ ದುಆ ಅವಳ ಬಾಯಲ್ಲಿ ಬರ್ತಿರಲಿಲ್ಲ. ಇವನು ಬಾಗಿಲ ಹಿಂದೆ ಕೂತು ಕಿವಿ ಕೊಡೋನು. ಕೇಳಿಸದಿದ್ದರೆ ತನ್ನ ರೊಟ್ಟಿ ಬಿಟ್ಟು ಎದ್ದುಬಿಡೋನು. ಅದಕ್ಕೇ ದೊಡ್ಡವನಾದ್ಮೇಲೆ ಅಷ್ಟು ಕೂಗ್ತಿದ್ದ. ನಾನು ಉಂಡಿದ್ದೀನಿ, ನನ್ನ ಪಾಲು ನೀವು ಉಳಿಸಬೇಡಿ ಅಂತ."

ಹೆಂಡತಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಮಂದ ಕಿವಿಗೆ ಪರದೆಯಾಚೆಯ ಮೆಲ್ಲಗಿನ ಅಗಿತ ಕೇಳಿರಲಿಲ್ಲ, ಒಲೆಯ ವಾಸನೆ ಬಂದಿರಲಿಲ್ಲ. ಮನೆಯವರೆಲ್ಲ ತನ್ನ ಔಷಧಿಗಾಗಿ ಹೊಟ್ಟೆ ಕಟ್ಟಿಕೊಂಡಿದ್ದಾರೆ ಎಂದುಕೊಂಡು ತನ್ನ ಹಾಲನ್ನು ಅವರ ಕಡೆಗೆ ನೂಕುತ್ತಿದ್ದ ಅವನು. ಅದಕ್ಕೆ ಅವಳು ಕೈ ಕಟ್ಟಿದ್ದಳು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅವನ ಪಾದ ಹಿಡಿದು, "ಉಂಡಿದ್ದೀವಿ ರೀ, ದಿನಾ ಉಂಡಿದ್ದೀವಿ" ಎಂದಳು. ಅವನು ನಂಬಲಿಲ್ಲ. ಬಾಯಿ ಮಾತನ್ನು ಅವನು ಯಾವತ್ತು ನಂಬಿದ್ದ?

ಆ ಸಂಜೆ ಈರುಳ್ಳಿ ಹುರಿದರು. ಮಂಚದ ಪಕ್ಕ ಬಟ್ಟೆ ಹಾಸಿ, ಅವನಿಗೆ ಕಾಣುವಂತೆ ಮೂವರೂ ಕೂತರು. ಹೆಂಡತಿಗೆ ತುತ್ತು ಇಳಿಯಲಿಲ್ಲ. ಉಣ್ಣದೆ ಹೇಳುವಂತಿಲ್ಲವೆಂದು ನೀರು ಕುಡಿದು ಇಳಿಸಿದಳು. ಆಮೇಲೆ ಜೀವಮಾನದಲ್ಲಿ ಮೊದಲ ಸಲ ದನಿ ಎತ್ತಿ ಹೇಳಿದಳು. ಅವನು ಕಣ್ಣು ಮುಚ್ಚಿ ಕೇಳಿದ. ಸಿರಿಂಜು ತಂದಾಗ ಎಡಗೈ ಎದೆಯ ಮೇಲೆ ಸುಮ್ಮನೆ ಮಲಗಿತ್ತು. ಇನ್ನು ಯಾರೂ ಅದನ್ನು ಕಟ್ಟಲಿಲ್ಲ.

ಆದರೆ ಎದೆಗೆ ಇಳಿದದ್ದು ಇಳಿದಿತ್ತು. ಜ್ವರ ಬಿಡಲಿಲ್ಲ. ಕೊನೆಗೆ ಪೈಪಿನಲ್ಲಿ ಬಿಟ್ಟ ಹಾಲು ಹಿಂದಕ್ಕೇ ಬರತೊಡಗಿ, ಇನ್ನು ಏನೂ ಕೊಡಬೇಡಿ ಎಂದು ನರ್ಸಮ್ಮ ಹೇಳಿಹೋದಳು. ಅವನಿಗೆ ಊಟ ನಿಂತ ಮೇಲೂ ಇವರು ಹೊತ್ತು ಹೊತ್ತಿಗೆ ಅವನ ಮುಂದೆ ಉಂಡರು. ಹಸಿವಿಗಲ್ಲ. ದುಆ ಕೇಳಿದಾಗ ಅವನ ಹುಬ್ಬಿನ ಗಂಟು ಸಡಿಲಾಗುತ್ತಿತ್ತು, ಅದನ್ನು ನೋಡಲು ಉಂಡರು. ಯಾರಿಗಾದರೂ ಹೇಳಿದರೆ ಸಾಯುವವನ ಮುಂದೆ ಮೂರು ಹೊತ್ತು ತಿಂದ ಸಂಸಾರ ಎಂದಾರು.

ಕೊನೆಯ ದಿನ ಮಧ್ಯಾಹ್ನ ಊಟದ ನಡುವೆ ಎದೆಯ ಕುದಿತ ನಿಂತಿತು. ಮಗಳು ತಲೆ ಎತ್ತಿದಳು. ಅಕ್ಕ ಎದ್ದು ಅವನ ಮೂಗಿನ ಬಳಿ ಬೆರಳು ಹಿಡಿದು ಹಾಗೇ ನಿಂತಳು.

"ಅಮ್ಮೀ, ಅಬ್ಬಾ..." ಎಂದಳು ಮಗಳು.

"ಬಾಯಲ್ಲಿರೋದನ್ನ ನುಂಗು" ಎಂದಳು ಹೆಂಡತಿ.

ತಟ್ಟೆಯಲ್ಲಿ ಉಳಿದಿದ್ದ ರೊಟ್ಟಿ ಚೂರನ್ನು ಬಾಯಿಗಿಟ್ಟುಕೊಂಡು ಅಗಿದಳು. ಬಹಳ ಹೊತ್ತು ಅಗಿದಳು. ಅದು ಇಳಿದ ಮೇಲೆ, ಅವನು ಹೇಳುತ್ತಿದ್ದಷ್ಟೇ ಗಟ್ಟಿಯಾಗಿ, ಒಂದಕ್ಷರ ಬಿಡದೆ ಪೂರ್ತಿ ಹೇಳಿದಳು. ಆಮೇಲೆ ಕೈ ತೊಳೆದು ಬಂದು ಅವನ ಕಣ್ಣು ಮುಚ್ಚಿದಳು.

ಎದುರು ಮನೆಯವಳಿಗೆ ದುಆ ಕೇಳಿಸಿತು. ಅವರ ಊಟ ಮುಗಿಯಿತು ಎಂದುಕೊಂಡು ಅವಳು ತನ್ನ ಒಲೆ ಆರಿಸಿದಳು.